ಆಯಿಯ ಹಾಡಿನ ನೋಟ್‌ಬುಕ್

ಮಗಳಿಗೆಂದು ಜಗತ್ ಸರ್ಕಲ್ ಹತ್ತಿರದ ಅಂಗಡಿಯಲ್ಲಿ ಒಂದು ಪುಸ್ತಕ ಕೊಂಡೆ, ಸ್ಕ್ಯಾಂಡಿನೇವಿಯಾದ ಹಳೆಯ ದೇವತೆಗಳ ಕಥೆಗಳು. ಸೂಪರ್ ಮಾರ್ಕೆಟ್ ರಸ್ತೆಯಲ್ಲಿ ಆಟೊ ಕಾಯುತ್ತ ಮುನ್ನುಡಿ ಓದಿದೆ. ಆ ಕಥೆಗಳು ಮೊದಲು ಹಾಡುಗಳಾಗಿದ್ದವಂತೆ, ಅವನ್ನು ಕಟ್ಟಿದವರ ಹೆಸರು ಯಾರಿಗೂ ಗೊತ್ತಿಲ್ಲವಂತೆ. ಬಾಯಿಂದ ಬಾಯಿಗೆ ಬಂದವನ್ನು ಐಸ್‌ಲ್ಯಾಂಡಿನಲ್ಲಿ ಯಾರೋ ಕರುವಿನ ಚರ್ಮದ ಹಾಳೆಗಳ ಮೇಲೆ ಬರೆದಿಟ್ಟರು, ಅದಕ್ಕೇ ಉಳಿದವು. ಅಷ್ಟರಲ್ಲಿ ಪಕ್ಕದ ಬಂಡಿಯಿಂದ ಕಮಲಾಪುರದ ಕೆಂಪು ಬಾಳೆಹಣ್ಣಿನ ವಾಸನೆ ಬಂತು. ಪುಸ್ತಕ ಮುಚ್ಚಿದೆ.

ನಾನು ಚಿಕ್ಕವಳಿದ್ದಾಗ ಕಮಲಾಪುರದ ಮನೆಯಲ್ಲಿ ಆಯಿ, ನನ್ನ ಅಪ್ಪನ ತಾಯಿ, ಜೋಳ ಬೀಸುತ್ತ ಹಾಡುತ್ತಿದ್ದಳು. ಒಬ್ಬ ರಾಕ್ಷಸ ಸತ್ತು ಗುಡ್ಡವಾದ ಹಾಡು ಅವಳೊಬ್ಬಳಿಗೇ ಬರುತ್ತಿತ್ತು. ಓದು ಬರಹ ಮಾತ್ರ ಬರುತ್ತಿರಲಿಲ್ಲ.

“ನಾ ಹಾಡ್ತೀನಿ, ನೀ ಬರಕೋ ನನ್ನವ್ವ. ನಾ ಹೋದಮ್ಯಾಲ ಇದು ಯಾರಿಗೂ ಬರಂಗಿಲ್ಲ,” ಅನ್ನುತ್ತಿದ್ದಳು.

ದಿನಕ್ಕೊಂದು ಕೆಂಪು ಬಾಳೆಹಣ್ಣು ಕೊಡುತ್ತಾಳೆಂಬ ಆಸೆಗೆ ನಾನು ನೋಟ್‌ಬುಕ್ ಹಿಡಿದು ಕೂಡುತ್ತಿದ್ದೆ. ಆಯಿ ಕಲ್ಲು ನಿಲ್ಲಿಸಿ, “ಎಲ್ಲಾ ಬರದ್ಯಾ?” ಎಂದು ಕೇಳಿದರೆ, “ಹೂಂ ಆಯಿ, ಎಲ್ಲಾ ಬರದೀನಿ,” ಎಂದು ಹಣ್ಣು ಸುಲಿಯುತ್ತಿದ್ದೆ. ಅವಳು ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು, ನೋಟ್‌ಬುಕ್ಕನ್ನು ಕಣ್ಣಿಗೊತ್ತಿಕೊಂಡು, ಟ್ರಂಕಿನಲ್ಲಿ ತನ್ನ ಮದುವೆಯ ಸೀರೆಯ ಕೆಳಗೆ ಇಡುತ್ತಿದ್ದಳು.

ಇವತ್ತು ಮನೆಗೆ ಬಂದವಳೇ, ಆಯಿ ಹೋದಮೇಲೆ ಟ್ರಂಕಿನೊಂದಿಗೆ ನನ್ನ ಪಾಲಿಗೆ ಬಂದಿದ್ದ ಆ ನೋಟ್‌ಬುಕ್ ಹುಡುಕಿ ತೆಗೆದೆ. ಮಗಳು ಬಗ್ಗಿ ನೋಡಿ, “ಆಯಿ ಹಾಡು ಎಲ್ಲದ ಮಮ್ಮಿ?” ಎಂದಳು. ಹಾಡಿನ ಒಂದು ಸಾಲೂ ಅದರಲ್ಲಿರಲಿಲ್ಲ. ಪುಟಪುಟಕ್ಕೂ ದುಂಡಗಿನ ಅಕ್ಷರಗಳಲ್ಲಿ ನಾನು ಬರೆದಿದ್ದು ನನ್ನ ಹೆಸರನ್ನಷ್ಟೇ.