ಸೇತುವೆಯಾಚೆಯ ನೀಲಿ ಹೆಬ್ಬೆರಳು

ನಮ್ಮ ಹಿರಿಯ ಟೀಚರ ಬಲಗೈ ಹೆಬ್ಬೆರಳು ಮಾರ್ಕರಿನ ಶಾಯಿಯಿಂದ ಸದಾ ನೀಲಿ. ಡಸ್ಟರ್ ಪಕ್ಕದಲ್ಲೇ ಇದ್ದರೂ ಬೋರ್ಡಿನ ಮೇಲಿನ ತಪ್ಪನ್ನು ಬೆರಳಲ್ಲೇ ಒರೆಸುತ್ತಿದ್ದರು. ದುಬೈಯ ಆ ಶಾಲೆಯಲ್ಲಿ ನನಗೆ ಕೆಲಸ ಕಲಿಸಿದವರು ಅವರೇ. ವಿಮಾನಗಳೆಲ್ಲ ನಿಂತಿದ್ದ ಕಾಲದಲ್ಲಿ ಉಡುಪಿಯಲ್ಲಿ ನನ್ನ ಅಪ್ಪ ತೀರಿಕೊಂಡರು. ಬಾಯಿಗೆ ನೀರು ಬಿಡಲೂ ನನಗೆ ಹೋಗಲಾಗಲಿಲ್ಲ. ಆಗ ಡಿಸ್ಕವರಿ ಗಾರ್ಡನ್ಸ್‌ನ ನನ್ನ ಫ್ಲ್ಯಾಟಿಗೆ ಎರಡು ಮಹಡಿ ಕೆಳಗಿನ ತಮ್ಮ ಮನೆಯಿಂದ ಗಂಜಿ, ಮಿಡಿ ಉಪ್ಪಿನಕಾಯಿ ತಂದು, "ಅಳು ಮಾರಾಯ್ತಿ, ಇಲ್ಲಿ ಯಾರು ನೋಡ್ಲಿಕ್ಕಿದ್ದಾರೆ?" ಎಂದವರೂ ಅವರೇ.

ಮೂರು ವರ್ಷದ ನಂತರ ಶಾಲೆಯ ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ನಾವಿಬ್ಬರೂ ಜಪಾನಿನ ಒಂದು ಪವಿತ್ರ ಬೆಟ್ಟಕ್ಕೆ ಹೋದೆವು. ಮೇಲೆ ಬೌದ್ಧ ದೇವಾಲಯ, ದಾರಿಯುದ್ದಕ್ಕೂ ದೊಡ್ಡ ಮರಗಳಡಿ ಪಾಚಿಗಟ್ಟಿದ ಸಮಾಧಿಗಳು. ಕೊನೆಯ ಸೇತುವೆ ದಾಟಿದ ಮೇಲೆ ಫೋಟೊ ತೆಗೆಯುವಂತಿಲ್ಲ. ಟೀಚರು ಚೀಲ ಹಿಡಿದು ನಿಂತು ಎಲ್ಲರ ಫೋನನ್ನೂ ಹಾಕಿಸಿಕೊಂಡರು.

"ಮ್ಯಾಮ್, ಜಸ್ಟ್ ಒನ್, ಪ್ಲೀಸ್" ಎಂದಳು ಒಬ್ಬಳು.

"ಖಲಾಸ್! ಸತ್ತವರ ಎದುರು ಎಂತ ಸೆಲ್ಫಿ?"

ನನ್ನ ಫೋನನ್ನೂ ಬಿಡಲಿಲ್ಲ.

ಆಚೆ ಸಾಲು ಮೂರ್ತಿಗಳು. ಸತ್ತವರ ಹೆಸರಲ್ಲಿ ಅವುಗಳಿಗೆ ಸೌಟಿನಿಂದ ನೀರೆರೆಯುವುದು ಅಲ್ಲಿನ ಪದ್ಧತಿ. "ಅಪ್ಪನಿಗೆ ನೀರು ಬಿಡು. ಮಕ್ಕಳನ್ನು ನಾನು ಆಚೆ ಕರ್ಕೊಂಡು ಹೋಗ್ತೇನೆ" ಎಂದರು ಟೀಚರು. ನೀರು ಬಿಟ್ಟೆ. ಮೂರು ವರ್ಷ ತಡೆದಿಟ್ಟದ್ದೆಲ್ಲ ಒಮ್ಮೆಲೇ ಉಕ್ಕಿ ಬಂದು ಬಿಕ್ಕಿ ಬಿಕ್ಕಿ ಅತ್ತೆ.

ಮರುವಾರ ಶಾಲೆಯ ರಿಸೆಪ್ಶನ್ನಿನ ದೊಡ್ಡ ಪರದೆಯ ಮೇಲೆ ನಾನು ಮೂರ್ತಿಯೆದುರು ಸೌಟು ಹಿಡಿದು ಅಳುತ್ತಿದ್ದೆ. ಕೆಳಗೆ, ಮಾನವೀಯತೆ ಕಲಿಸುವ ಶಾಲೆ, ಅಡ್ಮಿಶನ್ ಆರಂಭ ಎಂಬ ಸಾಲು. ಚಿತ್ರದ ಮೂಲೆಯಲ್ಲಿ ಮಸುಕಾಗಿ ಒಂದು ಹೆಬ್ಬೆರಳು, ನೀಲಿ. ಪ್ರವಾಸದಲ್ಲೂ ಮಕ್ಕಳ ಬ್ಯಾಗುಗಳ ಮೇಲೆ ಮಾರ್ಕರಿನಲ್ಲಿ ಹೆಸರು ಬರೆದವರು ಅವರೇ ತಾನೆ?

"ಯಾಕೆ ಟೀಚರ್?"

"ಪ್ರಿನ್ಸಿಪಾಲರು ಕೇಳಿದ್ರು. ಚಂದ ಬಂದಿತ್ತು. ಅಷ್ಟಕ್ಕೆಲ್ಲ ಎಂತ ನೀನು?" ಎಂದವರೇ ಬೋರ್ಡಿನತ್ತ ತಿರುಗಿಕೊಂಡರು.

ಯಾರೂ ನೋಡುವುದಿಲ್ಲ, ಅಳು ಎಂದವರೇ ನನ್ನ ಅಳುವನ್ನು ಊರಿಗೆಲ್ಲ ತೋರಿಸಿದರು. ಬೆನ್ನಿಗೆ ಚೂರಿ ಹಾಕುವುದೆಂದರೆ ಇದಲ್ಲದೆ ಇನ್ನೇನು? ಅಂದಿನಿಂದ ಸ್ಟಾಫ್ ರೂಮಿನಲ್ಲಿ ಬೇರೆ ಕುರ್ಚಿ ಹಿಡಿದೆ. ಅವರು ನಿವೃತ್ತರಾಗಿ ಕುಂದಾಪುರಕ್ಕೆ ಹೊರಟಾಗ ಕೆಳಗಿಳಿದು ಬೀಳ್ಕೊಡಲೂ ಇಲ್ಲ. ಕಳೆದ ವರ್ಷ ತೀರಿಕೊಂಡರು. ಸುದ್ದಿ ಬಂದಾಗ ಆ ಗಂಜಿಯ ನೆನಪಾಗಿ ಕಣ್ಣು ತುಂಬಿತು, ಸಿಟ್ಟು ಮಾತ್ರ ಇಳಿಯಲಿಲ್ಲ.

ಈ ಸಲ ಊರಿಗೆ ಹೋದರೆ ಅಪ್ಪನ ಫೋಟೊದ ಪಕ್ಕ ಅದೇ ಚಿತ್ರ! ಶಾಲೆಯ ಫೇಸ್‌ಬುಕ್ ಪುಟದಿಂದ ತೆಗೆದು ನನ್ನ ತಮ್ಮ ಕಟ್ಟು ಹಾಕಿಸಿದ್ದನಂತೆ.

"ನೀನು ಅಪ್ಪನಿಗೆ ನೀರು ಬಿಟ್ಟದ್ದು ನೋಡಿದೆನಲ್ಲ ಮಗಾ, ನನಗೆ ಅಷ್ಟು ಸಾಕು. ಯಾರು ತೆಗೆದದ್ದು ಇದು?" ಎಂದಳು ಅಮ್ಮ.

ಅಮ್ಮ ಸೆರಗಿನಿಂದ ಗಾಜು ಒರೆಸಿದಳು. ಮೂಲೆಯ ನೀಲಿ ಕಲೆಯನ್ನು ಎರಡೆರಡು ಸಲ ಒರೆಸಿದಳು. ಅದು ಹೋಗಲಿಲ್ಲ.