ಗಾಡಿಯ ಮೂತಿಗೆ ಕಟ್ಟಿದ ದಂಡೆ

ನಮ್ಮ ಮನೆಯ ಕಾರು ನನಗಿಂತ ವಯಸ್ಸಿನಲ್ಲಿ ದೊಡ್ಡದು. ದೊಡ್ಡ ಯುದ್ಧಕ್ಕಿಂತ ಮೊದಲು ವಿಲಾಯಿತಿಯಿಂದ ಹಡಗಿನಲ್ಲಿ ಮುಂಬೈಗೆ ಬಂದು, ಯಾರ ಯಾರ ಕೈಯನ್ನೋ ದಾಟಿ ರಾಮದುರ್ಗದ ಒಬ್ಬ ವ್ಯಾಪಾರಿಯ ಮನೆ ಸೇರಿತ್ತಂತೆ. ಅಲ್ಲಿಂದ ನನ್ನ ಮಾವ ಬೈಲಹೊಂಗಲಕ್ಕೆ ತಂದರು. ನಾನು ಸೊಸೆಯಾಗಿ ಬಂದಾಗ ಅದು ಆಗಲೇ ಹಳೆಯದು. ಈಗ ನಾನೂ ಹಳಬಳು. ನಾಲ್ಕನೆಯ ಇಯತ್ತೆಗೆ ಸಾಲೆ ಬಿಟ್ಟವಳು ಕಾರಿನ ಬಗ್ಗೆ ಏನು ಬರೆದಾಳು ಎನ್ನುವವರು ಇದ್ದರೆ ಇರಲಿ. ಓಡಿಸುವವಳು ನಾನು.

ಹಳೇ ಗಾಡಿ ಸಾಕುವುದು ಎಮ್ಮೆ ಸಾಕಿದ ಹಾಗೆ ಎಂದು ಮಂದಿ ಹೇಳುತ್ತಾರೆ. ಸುಳ್ಳು. ಎಮ್ಮೆ ಹಸಿದರೆ ಒದರುತ್ತದೆ. ಇದು ಒದರುವುದಿಲ್ಲ, ನಿಂತಲ್ಲೇ ಕೆಡುತ್ತದೆ. ಇಲಿ ವೈರು ಕಡಿಯುತ್ತದೆ, ಪೆಟ್ರೋಲು ಹಳಸುತ್ತದೆ, ಟಾಯರು ಒಂದೇ ಕಡೆ ಕುಂತು ಚಪ್ಪಟೆಯಾಗುತ್ತದೆ. ಅದಕ್ಕೇ ಆಗಾಗ ಓಡಿಸಲೇಬೇಕು. ಓಡಿಸುವುದೂ ಎಲ್ಲರ ಕೆಲಸವಲ್ಲ. ಈಗಿನ ಕಾರಿನಲ್ಲಿ ಬ್ರೇಕು ನಡುವೆ, ಎಕ್ಸಿಲೇಟರ್ ಬಲಕ್ಕೆ. ಇದರಲ್ಲಿ ಎಕ್ಸಿಲೇಟರ್ ನಡುವೆ, ಬ್ರೇಕು ಬಲಕ್ಕೆ.

ನಾನು ಕಲಿತದ್ದು ಹ್ಯಾಂಡಲ್‌ನಿಂದ. ನನ್ನ ಗಂಡ ಮುಂದೆ ನಿಂತು ಕಬ್ಬಿಣದ ಹ್ಯಾಂಡಲ್ ತಿರುವುವಾಗ ಒಳಗೆ ಕುಂತು ಪೆಟ್ರೋಲು ಹೆಚ್ಚು ಕಡಿಮೆ ಮಾಡುವ ಕಡ್ಡಿ ಹಿಡಿಯಲು ಒಬ್ಬರು ಬೇಕಿತ್ತು. ಆ ಒಬ್ಬರು ನಾನು. ಒಮ್ಮೆ ಸವದತ್ತಿ ಹಾದಿಯಲ್ಲಿ ಹ್ಯಾಂಡಲ್ ತಿರುಗಿ ಬಡಿದು ಅವರ ಮಣಿಕಟ್ಟು ಮುರಿಯಿತು. ಸ್ಟೇರಿಂಗ್ ನನ್ನ ಪಾಲಿಗೆ ಬಂತು. ಮನೆ ತಲುಪುವ ತನಕ ಅವರು ನೋವಿಗಿಂತ ನನ್ನ ಗೇರಿಗೇ ಹೆಚ್ಚು ಒದರಾಡಿದರು. ಹಾಗೆ ಕಲಿತೆ.

ಸುತ್ತಲಿನ ಊರವರು ಮದುಮಗಳನ್ನು ಕರೆದೊಯ್ಯಲು ಈ ಗಾಡಿಯನ್ನೇ ಕೇಳುತ್ತಿದ್ದರು. ನನ್ನ ಗಂಡ ಓಡಿಸುತ್ತಿದ್ದರು, ನಾನು ಪಕ್ಕದಲ್ಲಿ ಕುಂತಿರುತ್ತಿದ್ದೆ. ಮದುಮಗಳು ಗಾಡಿ ಹತ್ತುವ ಮೊದಲು ಕುಬಸ, ಅಕ್ಕಿ, ಕೊಬ್ಬರಿ ಹಾಕಿ ಉಡಿ ತುಂಬುತ್ತಿದ್ದವಳು ನಾನೇ. ಅವರು ತೀರಿಹೋದ ಮೇಲೆ ಉಡಿ ತುಂಬುವ ಕೆಲಸ ಬೇರೆಯವರಿಗೆ ಹೋಯಿತು. ಗಾಡಿ ನನಗೆ ಉಳಿಯಿತು.

ಮನೆಯಲ್ಲಿ ಜನ ಇಲ್ಲವೆಂದಲ್ಲ. ಮಗ ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿ ಇಟ್ಟಿದ್ದಾನೆ, ಸೊಸೆ ಸಾಲೆಯಲ್ಲಿ ಕಲಿಸುತ್ತಾಳೆ, ಸಂಜೆಗೆ ಮನೆ ತುಂಬಿರುತ್ತದೆ. ಅವರ ಮಾತು ಅವರದು. ಮದುವೆ ಮನೆಗೆ ಗಂಡ ಸತ್ತವಳನ್ನು ಊಟಕ್ಕೆ ಕರೆಯುತ್ತಾರೆ, ಮುಂದಕ್ಕೆ ಕರೆಯುವುದಿಲ್ಲ. ಗೋಡೆಗೆ ಹತ್ತಿಕೊಂಡು ಕುಂತು ಉಂಡು ಬರಬೇಕು. ಸ್ಟೇರಿಂಗ್ ಹಿಂದೆ ಕುಂತರೆ ಮಾತ್ರ ನಾನು ಎಲ್ಲರ ಮುಂದೆ ಇರುತ್ತಿದ್ದೆ. ಗಾಡಿಗೆ ಕರೆ ಬಂದರೆ ನನಗೂ ಬಂದ ಹಾಗೆ. ಆ ಕರೆಯೂ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತ ಬಂದಿತ್ತು.

ಅಂಥದರಲ್ಲಿ ಮುನವಳ್ಳಿಯಿಂದ ಒಬ್ಬ ಮದುಮಗಳ ಕಾಕಾ ಬಂದ. ಹುಡುಗಿಯ ಅಜ್ಜಿ ಇದೇ ಗಾಡಿಯಲ್ಲಿ ಗಂಡನ ಮನೆಗೆ ಹೋಗಿದ್ದಳಂತೆ, ಇವಳೂ ಹಾಗೇ ಹೋಗಬೇಕಂತೆ.

"ಗಾಡಿ ಅಷ್ಟ ಕೊಡ್ರಿ ಅಮ್ಮಾ. ಡ್ರೈವರ್‌ನ ನಾವ ಕರಕೊಂಡ ಬಂದೀವಿ."

"ಅವನ್ನ ಗಾಡ್ಯಾಗ ಕುಂದರಸ್ರಿ, ನೋಡೂಣು," ಎಂದೆ.

ಡ್ರೈವರ್ ಓಣಿ ದಾಟುವ ಮೊದಲೇ ತಿಪ್ಪೆಗೆ ನುಗ್ಗಿಸಿದ.

"ಬ್ರೇಕ್ ಒತ್ತಿದ್ನಿರಿ!" ಎಂದು ಚೀರಿದ.

"ನೀ ಒತ್ತಿದ್ದು ಬ್ರೇಕ್ ಅಲ್ಲಪಾ. ತಿಪ್ಪಿ ಇತ್ತು, ಬಚಾವಾದಿ. ಗ್ವಾಡಿ ಇದ್ದಿದ್ರ ನಿನ್ನ ಮದವೀನೂ ಇಲ್ಲೇ ಆಗತಿತ್ತು."

ಕಾಕಾ ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡ. "ಹಂಗಾರ ನೀವ ಬರ್ರಿ. ಆದ್ರ..."

"ಆದ್ರ ಏನು? ಗಂಡ ಸತ್ತಾಕಿ ಅನ್ನಾಕ ಬಾಯಿ ಬರವಲ್ದೇನು?"

"ಛೇ ಛೇ, ಹಂಗಲ್ರಿ. ಹೂವು, ಪೂಜಿ ಎಲ್ಲಾ ನಮ್ಮ ಹೆಣ್ಮಕ್ಕಳು ಮಾಡ್ತಾರ. ನೀವು ಬರೇ ಓಡಸ್ರಿ."

"ಆತು ಬಿಡ್ರಿ. ನನಗೂ ಓಡ್ಸೂದ ಬೇಕು," ಎಂದೆ.

ಮದುವೆಯ ದಿನ ಮುಂಜಾನೆ ಮುನವಳ್ಳಿಯಲ್ಲಿ ಮುತ್ತೈದೆಯರು ಗಾಡಿಯನ್ನು ಸುತ್ತುವರಿದರು. ಹುಡುಗಿಯ ಸೋದರತ್ತೆ ಮುಂದಾಳು. ಚೆಂಡು ಹೂವಿನ ದಂಡೆ, ನನ್ನ ತೋಳಿನಷ್ಟು ದಪ್ಪ. ಒಂದು ದೀಪದಿಂದ ಇನ್ನೊಂದು ದೀಪದ ತನಕ, ಸಾಲಿನ ಮೇಲೆ ಸಾಲು ಕಟ್ಟಿ ಗಾಡಿಯ ಮೂತಿಯನ್ನೇ ಮುಚ್ಚಿದರು. ಆ ಮೂತಿಯಲ್ಲಿ ಜಾಳಿಗೆ ಇದೆ, ಅದರ ಹಿಂದೆ ಇಂಜಿನ್ ತಂಪಿಡುವ ನೀರು. ಜಾಳಿಗೆಯೊಳಗೆ ಗಾಳಿ ಹೋದರಷ್ಟೇ ನೀರು ಆರುತ್ತದೆ. ನೀರಿನ ಮುಚ್ಚಳದ ಮೇಲೆ ಕಾವು ತೋರಿಸುವ ಗಾಜಿನ ನಳಿಗೆ ಇದೆ. ಅದಕ್ಕೂ ಒಂದು ಬಾಸಿಂಗ ಕಟ್ಟಿದರು.

"ನಡಕ ಒಂದೀಟ ಜಾಗಾ ಬಿಡ್ರೆವ್ವಾ, ಅದಕ್ಕ ಗಾಳಿ ಬೇಕು," ಎಂದೆ.

"ನೀವು ಸುಮ್ಮ ಕುಂತ್ರಿ ಅಮ್ಮಾ. ಫೋಟೋದಾಗ ಛಂದ ಕಾಣಬೇಕು," ಎಂದಳು ಸೋದರತ್ತೆ.

ಸುಮ್ಮನೆ ಕುಂತೆ. ಊರೊಳಗೆ ಬಾಜಾದವರ ಹಿಂದೆ ಗಾಡಿ ಆಮೆಯ ಹಾಗೆ ಹೋಯಿತು. ಮಾಳಿಗೆಯಿಂದ ಜನ ಕೈ ಬೀಸುತ್ತಿದ್ದರು. ನನಗಲ್ಲ, ಗೊತ್ತು. ಆದರೂ ನೆಟ್ಟಗೆ ಕುಂತಿದ್ದೆ. ಊರು ದಾಟಿ ಸವದತ್ತಿ ಹಾದಿ ಹಿಡಿದಾಗ ಹಿಂದೆ ಮದುಮಗಳು, ಸೋದರತ್ತೆ ಮಾತಾಡುತ್ತಿದ್ದರು. ನವಿಲುತೀರ್ಥದ ಏರಿನಲ್ಲಿ ವಾಸನೆ ಬಂತು. ಬಿಸಿ ಕಬ್ಬಿಣದ ವಾಸನೆ, ಅದರ ಮೇಲೆ ಬೆಂದ ಹೂವಿನದು. ನಳಿಗೆ ಕಾಣುವಂತಿಲ್ಲ. ಮೂಗನ್ನೇ ನಂಬಿ ನಿಲ್ಲಿಸಿದೆ.

"ಯಾಕ್ರೀ? ಮುಹೂರ್ತ ಮೀರತೇತಿ!" ಸೋದರತ್ತೆ ಕೂಗಿದಳು.

"ನೀರು ಕುದಿಯಾಕ ಹತ್ತೇತಿ. ಇಳದು ದಂಡಿ ಬಿಚ್ರಿ."

"ಹುಡುಗಿ ತಲಿ ಮ್ಯಾಲ ಅಕ್ಕಿಕಾಳು ಬೀಳೂಕಿಂತ ಮೊದಲ ದಂಡಿ ಬಿಚ್ಚೂದೇನ್ರಿ? ಯಾವ ಊರ ಪದ್ಧತಿ ಇದು? ಸವದತ್ತಿ ಇಲ್ಲೇ ಐತಿ, ಹೊಡೀರಿ."

"ಹೊಡದ್ರ ಇಂಜಿನ್ ಸುಡತೇತಿ."

ಹಿಂದಿನ ಕಾರಿನಿಂದ ಕಾಕಾ ಬಂದ. ಇನ್ನಿಬ್ಬರು ಮುತ್ತೈದೆಯರೂ ಬಂದರು. ಬಿಚ್ಚಿದರೆ ಅಪಶಕುನ ಎಂದು ಒಬ್ಬರ ಮುಖ ಒಬ್ಬರು ನೋಡಿದರು. ಯಾರೂ ಕೈ ಹಚ್ಚಲಿಲ್ಲ. ಮುಚ್ಚಳದ ಬಳಿ ಉಗಿ ಬುಸುಗುಟ್ಟತೊಡಗಿತು. ದಂಡೆ ಬಿಚ್ಚಿದರೆ ಈ ಮನೆಯ ಕರೆ ಹೋಗುತ್ತದೆ, ಇವರ ಬಾಯಿಂದ ಉಳಿದ ಮನೆಗಳವೂ ಹೋಗುತ್ತವೆ, ಅದು ನನಗೆ ಅಲ್ಲಿಯೇ ಗೊತ್ತಿತ್ತು. ಇಳಿದೆ. ದಂಡೆಯನ್ನು ಎರಡೂ ಕೈಯಿಂದ ಹಿಡಿದು ಹರಿದೆ.

"ಏನ್ ಮಾಡಿದ್ರಿ ಇದು!" ಎಂದಳು ಸೋದರತ್ತೆ. ಅವಳ ಧ್ವನಿಯಲ್ಲಿ ಸಿಟ್ಟಿಗಿಂತ ಹೆದರಿಕೆ ಹೆಚ್ಚಿತ್ತು. ಅವಳ ತಪ್ಪೂ ಅಲ್ಲ.

ಮದುಮಗಳನ್ನು ಹಿಂದಿನ ಕಾರಿಗೆ ಹತ್ತಿಸಿದರು. ಹುಡುಗಿ ಇಳಿಯುವಾಗ ನನ್ನ ಕಡೆ ನೋಡಿದಳು. ಕಾಕಾ, "ಊಟಕ್ಕ ಬರ್ರಿ ಮತ್ತ," ಎಂದು ರಸ್ತೆ ನೋಡುತ್ತ ಹೇಳಿ ಹೋದ.

ಕುದಿಯುವ ಮುಚ್ಚಳ ತೆಗೆದರೆ ಮುಖ ಸುಡುತ್ತದೆ, ತಣ್ಣೀರು ಹಾಕಿದರೆ ಇಂಜಿನ್ ಸೀಳುತ್ತದೆ. ತಾನಾಗಿ ಆರುವ ತನಕ ಕಾಯಬೇಕು. ಗಾಡಿಯ ಪಕ್ಕದ ಮೆಟ್ಟಿಲ ಮೇಲೆ ಕುಂತೆ. ಕೆಳಗೆ ಮಲಪ್ರಭೆಯ ನೀರು ತುಂಬಿ ನಿಂತಿತ್ತು. ಎಲ್ಲಿಂದಲೋ ಒಂದು ಆಡು ಬಂದು ದಂಡೆಯನ್ನು ತಿನ್ನತೊಡಗಿತು. ಓಡಿಸಲಿಲ್ಲ. ಅಷ್ಟು ಹೊತ್ತು ಅದೊಂದೇ ಜೊತೆ. ಊಟಕ್ಕೆ ಹೋಗಲಿಲ್ಲ. ಆರಿದ ಮೇಲೆ ನೀರು ತುಂಬಿಸಿ ಬೈಲಹೊಂಗಲದ ಕಡೆ ತಿರುಗಿಸಿದೆ. ಹಿಂದಿನ ಸೀಟಿನಲ್ಲಿ ಹುಡುಗಿಯ ಉಡಿಯ ಅಕ್ಕಿ ಚೆಲ್ಲಿತ್ತು.

ಸುದ್ದಿ ನನಗಿಂತ ಮೊದಲು ಮನೆ ಮುಟ್ಟಿತ್ತು.

"ಹೂವ ತಾನ ಯವ್ವಾ? ಬಿಟ್ಟಿದ್ರ ಏನಾಗತಿತ್ತು?" ಮಗ ಕೇಳಿದ.

"ಇಂಜಿನ್ ಹೋಗತಿತ್ತು."

"ಹೋದ್ರ ಹೋಗತಿತ್ತು. ಮಂದಿ ಉಳೀತಿದ್ರು."

ಅವನ ಮಾತು ಸುಳ್ಳಲ್ಲ. ಮಂದಿ ಬೇಕಾಗಿತ್ತು ನನಗೆ. ಆದರೆ ಸುಟ್ಟ ಗಾಡಿ ಇಟ್ಟುಕೊಂಡು ಯಾವ ಮಂದಿಯ ಮುಂದೆ ಹೋಗಲಿ? ಕೈ ತೊಳೆದು ರೊಟ್ಟಿ ತಿಂದೆ.

ಆಮೇಲೆ ಯಾವ ಮದುವೆಗೂ ಕರೆ ಬರಲಿಲ್ಲ. ಸುಗ್ಗಿ ಮುಗಿದು ಎಲ್ಲ ಕಡೆ ಬಾಜಾ ಕೇಳುವ ಕಾಲದಲ್ಲಿ ನಾನು ಗಾಡಿ ತೆಗೆದು ಕಿತ್ತೂರಿನ ಹಾದಿಯಲ್ಲಿ ಒಂದಿಷ್ಟು ದೂರ ಹೋಗಿ ಬರುತ್ತೇನೆ. ಚಹಾದಂಗಡಿಯ ಮುಂದೆ ನಿಲ್ಲಿಸಿದರೆ ಮಂದಿ ಕೂಡುತ್ತಾರೆ. ಯಾವ ಕಾಲದ್ದು, ಎಷ್ಟು ಓಡುತ್ತದೆ ಎಂದು ಗಾಡಿಯನ್ನು ವಿಚಾರಿಸುತ್ತಾರೆ. ಆಮೇಲೆ ಮೊಬೈಲ್ ತೆಗೆಯುತ್ತಾರೆ.

"ಆಯಿ, ಒಂದೀಟ ಕೆಳಗ ಇಳೀರಿ. ಬರೇ ಗಾಡೀದು ತಕ್ಕೋತೇವಿ."

"ನಾ ಇಳಿಯಾಂಗಿಲ್ಲಪಾ. ಬೇಕಂದ್ರ ಹಿಂಗ ತಕ್ಕೊ," ಅನ್ನುತ್ತೇನೆ.

ತೆಗೆದುಕೊಳ್ಳುತ್ತಾರೆ.