ಸ್ಟಾಪಿನಲ್ಲಿ ನಿಲ್ಲುವ ಕಾಲು

ಐವತ್ತರ ಅಂಚಿನಲ್ಲಿದ್ದ ಬಸ್ ಕಂಡಕ್ಟರಮ್ಮ ಮ್ಯಾರಥಾನ್ ಓಡುತ್ತೇನೆ ಎಂದಾಗ ಡಿಪೋದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವಳು ಸೊಪ್ಪು ಹಾಕಲಿಲ್ಲ. ದುಡಿಯುವಾಗ ಕಾಲು ಕಳೆದುಕೊಂಡವರಿಗೆ ಕೃತಕ ಕಾಲು ಕೊಡಿಸುವ ಸಂಘವೊಂದಕ್ಕೆ ಅವಳು ಹಣ ಎತ್ತಬೇಕಿತ್ತು. ಅವಳ ಬಸ್ಸಿನ ಹಳೆಯ ಡ್ರೈವರ್ ಕೂಡ ಅಲ್ಲಿ ಸರದಿಗೆ ಕಾಯುತ್ತಿದ್ದ. ಆದರೆ ಗಡುವಿನೊಳಗೆ ಓಟ ಮುಗಿಸಿದರೆ ಮಾತ್ರ ದುಡ್ಡು ಎಂಬುದು ದಾನಿಗಳ ಷರತ್ತು. ಬೇರೆಯವರ ಬೆವರು ನೋಡದೆ ಈ ಮಹಾಶಯರ ಕೈ ಜೇಬಿಗೆ ಹೋಗದು.

ಬೆಳಗ್ಗೆ ಎದ್ದು ತನ್ನ ಬಸ್ಸಿನ ದಾರಿಯಲ್ಲೇ ಓಡತೊಡಗಿದಳು. ಉಸಿರು ಗಟ್ಟಿಯಾಗಿಯೇ ಇತ್ತು. ಆದರೆ ಬಸ್ ಸ್ಟಾಪ್ ಬಂದರೆ ಸಾಕು, ಕಾಲು ತಾನಾಗಿ ನಿಲ್ಲುತ್ತಿತ್ತು. ಎಲ್ಲರೂ ಹತ್ತಿದರೇ ಎಂದು ಕತ್ತು ಹಿಂದಕ್ಕೆ ಹೊರಳುತ್ತಿತ್ತು. ಸಮಯವೆಲ್ಲ ಅಲ್ಲೇ ಸೋರಿಹೋಗುತ್ತಿತ್ತು.

"ಯಾರಮ್ಮಾ ಹತ್ಬೇಕು, ನಿನ್ನ ಹೆಗಲ ಮೇಲೆ?" ಸೈಕಲ್ಲಿನಲ್ಲಿ ಹಿಂದೆ ಬರುತ್ತಿದ್ದ ಮಗಳು ರೇಗಿಸಿದಳು. "ಬೇರೆ ರಸ್ತೆ ಹಿಡಿಯೋಣ ಬಾ."

"ಓಟದ ದಿನಾನೂ ಇದೇ ರಸ್ತೆ ಕಣೇ. ಅವತ್ತೇನು ನನಗೋಸ್ಕರ ಸ್ಟಾಪ್ ಕಿತ್ತು ಹಾಕ್ತಾರಾ?"

ಸಂಜೆ ಈ ಗೋಳು ಕೇಳಿ ಡ್ರೈವರ್ ಗಾಲಿಕುರ್ಚಿಯಲ್ಲೇ ಕುಲುಕಿ ಕುಲುಕಿ ನಕ್ಕ. "ಅಕ್ಕಾ, ಬಸ್ ಫುಲ್ ಆದಾಗ ಏನ್ ಮಾಡ್ತಿದ್ವಿ? ನಿಲ್ಲಿಸ್ತಿದ್ವಾ?"

ಮರುದಿನ ಮೊದಲ ಸ್ಟಾಪಿನಲ್ಲಿ ದಿನಾ ಅವಳ ಬಸ್ಸು ಹತ್ತುವ ಮುದುಕನೊಬ್ಬ ಅವಳ ಮುಖ ಕಂಡವನೇ ಅಭ್ಯಾಸಬಲದಿಂದ ಕೈ ಅಡ್ಡ ಹಿಡಿದ. ಅವಳ ಕಾಲು ತಡವರಿಸಿತು.

"ಹಿಂದೆ ಗಾಡಿ ಬರ್ತಿದೆ ಯಜಮಾನ್ರೇ, ಖಾಲಿ ಇದೆ, ಅದ್ರಲ್ಲಿ ಬನ್ನಿ!" ಎಂದು ಕೂಗಿ, ನಿಲ್ಲದೆ ಓಡಿದಳು.

ಎಂದಿನಂತೆ, ಹಿಂದೆ ಯಾವ ಗಾಡಿಯೂ ಇರಲಿಲ್ಲ.